ಬಲಗಾಲಿನ ಹೊಲಿಗೆ

ಮಗಳು ಓಡುವ ಸದ್ದಿನಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಮೊದಲ ಬೆಳಗ್ಗೆಯೇ ಅನ್ನಿಸಿತು.

ನಾಲ್ಕು ದಿನಕ್ಕೆಂದು ನಾವು ಬಾಡಿಗೆಗೆ ಹಿಡಿದಿದ್ದ ಮನೆ ದೊಡ್ಡದೊಂದು ಕೆರೆಯ ದಂಡೆಯಲ್ಲಿತ್ತು. ಎರಡು ಕೋಣೆ, ಒಂದು ಸಣ್ಣ ಅಡುಗೆಮನೆ, ಮುಂದೆ ಮೂರು ಮೆಟ್ಟಿಲು. ಮೆಟ್ಟಿಲಿಳಿದರೆ ಕೆರೆಯನ್ನು ಸುತ್ತಿ ಬರುವ ಸಿಮೆಂಟಿನ ದಾರಿ. ನನಗೆ ಎಲ್ಲಿ ಮಲಗಿದರೂ ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತದೆ. ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದೆ. ಮಗಳು ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಬಂದು, ಮೊಬೈಲನ್ನು ತೋಳಿಗೆ ಕಟ್ಟಿ, ಬೂಟಿನ ಲೇಸು ಬಿಗಿದು, ನನ್ನ ಹೆಗಲು ಮುಟ್ಟಿ ಹೊರಟಳು. ಮಂಜಿನಲ್ಲಿ ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಮರೆಯಾದಳು. ಆಮೇಲೆ ಉಳಿದದ್ದು ಸದ್ದು ಮಾತ್ರ.

ನಲವತ್ತಾರು ವರ್ಷ ಬೂಟು ಹೊಲಿದವಳು ನಾನು. ಜನರ ಮುಖ ಮರೆಯುತ್ತೇನೆ, ನಡಿಗೆ ಮರೆಯುವುದಿಲ್ಲ. ಮಗಳ ಎಡಗಾಲು ನೆಲಕ್ಕೆ ಪೂರ್ತಿ ಬೀಳುತ್ತಿತ್ತು. ಬಲಗಾಲು ಹಾಗಲ್ಲ, ಮುಟ್ಟಿತೋ ಇಲ್ಲವೋ ಎಂಬಂತೆ ಮುಟ್ಟಿ, ಬಿಸಿ ಹೆಂಚಿನಿಂದ ಕೈ ತೆಗೆದ ಹಾಗೆ ಎದ್ದುಬಿಡುತ್ತಿತ್ತು. ಹೊಸಬಳಲ್ಲವೇ, ಇನ್ನೂ ಓಟ ಹದಕ್ಕೆ ಬಂದಿಲ್ಲ ಎಂದುಕೊಂಡೆ. ಆದರೂ ಕಿವಿ ಅಲ್ಲಿಂದ ಏಳಲಿಲ್ಲ.

ಅವಳು ಹೊಸಬಳೇ. ಬಸ್ ಓಡಿಸುವ ಕೆಲಸ ಅವಳದು. ಹದಿನೇಳು ವರ್ಷ ಒಂದೇ ಸೀಟಿನಲ್ಲಿ ಕೂತು ಊರು ಸುತ್ತಿದವಳು, ಊರಿನಲ್ಲಿ ನೂರು ಹೆಜ್ಜೆ ನಡೆದವಳಲ್ಲ. ಹೋದ ವರ್ಷದ ತಪಾಸಣೆಯಲ್ಲಿ ಅವಳ ರಕ್ತದೊತ್ತಡ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರಂತೆ. "ಮುಂದಿನ ತಪಾಸಣೆ ಹೊತ್ತಿಗೆ ಇದು ಇಳೀಬೇಕು. ಇಳೀದಿದ್ರೆ ನಿಮ್ಮನ್ನ ಸ್ಟೀರಿಂಗ್ ಮುಂದೆ ಕೂರಿಸೋಕೆ ನಾನು ಸಹಿ ಹಾಕಲ್ಲ. ಓಡಿ," ಎಂದರಂತೆ. ತಪಾಸಣೆಗೆ ಈಗ ಏಳು ವಾರ ಉಳಿದಿತ್ತು. ಸ್ಟೀರಿಂಗ್ ಬಿಟ್ಟರೆ ಅವಳನ್ನು ಡಿಪೋದ ಒಂದು ಕಿಟಕಿಯ ಹಿಂದೆ ಕೂರಿಸುತ್ತಾರೆ. ಕಿಟಕಿಯ ಹಿಂದೆ ಕೂತ ಮಗಳನ್ನು ನೆನೆಸಿಕೊಳ್ಳಲು ನನ್ನಿಂದ ಆಗುವುದಿಲ್ಲ. ಎಂಟು ವರ್ಷದವಳಿದ್ದಾಗಲೇ ಊಟದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಹಾರನ್ ಹೊಡೆಯುತ್ತಿದ್ದವಳು ಅವಳು.

ಮೊಬೈಲಿನೊಳಗೆ ಒಬ್ಬ ಹೆಂಗಸಿನ ದನಿ ಇದೆ. "ಈಗ ಓಡಿ" ಎನ್ನುತ್ತದೆ, ಸ್ವಲ್ಪ ಹೊತ್ತಿಗೆ "ಈಗ ನಡೆಯಿರಿ" ಎನ್ನುತ್ತದೆ. ಒಂಬತ್ತು ವಾರ ಅವಳು ಹೇಳಿದ ಹಾಗೆ ಕೇಳಿದರೆ ಕೊನೆಗೆ ಅರ್ಧ ಗಂಟೆ ನಿಲ್ಲದೆ ಓಡಬಹುದಂತೆ. ಮಗಳು ಆರನೆಯ ವಾರದಲ್ಲಿದ್ದಳು.

"ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು ಅತ್ತೆ," ಎಂದ ನನ್ನ ಅಳಿಯ, ಹಲ್ಲುಜ್ಜುತ್ತಾ ಹೊರಗೆ ಬಂದು. "ನಾನು ಏನು ಹೇಳಿದ್ರೂ ಒಂದು ಸಲ ತಿರುಗಿ ನೋಡಲಿಲ್ಲ. ಆ ಮೊಬೈಲ್ ಹೆಂಗಸು ಓಡು ಅಂದ್ರೆ ಓಡ್ತಾಳೆ, ನಿಲ್ಲು ಅಂದ್ರೆ ನಿಲ್ತಾಳೆ. ಆ ಹೆಂಗಸಿನ ಹತ್ರ ನಾನು ಪಾಠಕ್ಕೆ ಹೋಗ್ಬೇಕು."

"ಮೊದಲು ಬಾಯಲ್ಲಿರೋ ನೊರೆ ಉಗುಳಿ ಅಳಿಯಂದ್ರೇ. ಆಮೇಲೆ ಪಾಠ," ಎಂದೆ.

ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಅವನದು. ಉಗುರಿನ ಸಂದಿಯಲ್ಲಿ ಯಾವಾಗಲೂ ಯಾರದ್ದೋ ಮನೆಯ ಗೋಡೆ ಇರುತ್ತದೆ. ಈ ನಾಲ್ಕು ದಿನದ ಪ್ರವಾಸ ಅವನದೇ ಹಟ. ನನ್ನ ಯಜಮಾನರು ಹೋಗಿ ಎರಡೂವರೆ ತಿಂಗಳಾಗಿತ್ತು. "ಮನೇಲಿ ಕೂತ್ರೆ ಎಲ್ಲರೂ ಆ ಮಂಚ ನೋಡ್ಕೊಂಡು ಕೂರ್ತೀರಿ. ಬನ್ನಿ, ನೀರು ನೋಡೋಣ," ಎಂದು ಹೊರಡಿಸಿದ್ದ.

ಮೊಮ್ಮಗಳಿಗೆ ಹತ್ತು ವರ್ಷ. ಒಂದು ಕಡೆ ನಿಲ್ಲದ್ದಕ್ಕೆ ಅವಳನ್ನು ನಾವು ಗಿರಗಿಟ್ಲೆ ಎನ್ನುತ್ತೇವೆ. ಅವಳೂ ಎದ್ದು ಬಂದು ನನ್ನ ಶಾಲಿನೊಳಗೆ ನುಸುಳಿದಳು.

"ಅಮ್ಮನ ಬೂಟಲ್ಲಿ ಯಾವುದು ತಾತ ಹೊಲಿದಿದ್ದು ಅಜ್ಜಿ?"

ಅವಳಿಗೆ ಉತ್ತರ ಗೊತ್ತು. ಕೇಳುವುದೇ ಅವಳಿಗೆ ಸುಖ.

"ಬಲಗಾಲಿಂದು."

"ಎಡಗಾಲಿಂದು?"

"ನಂದು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆಯಾಗಿ ಬಂದಾಗ ನನಗೆ ಚರ್ಮ ಹೊಲಿಯುವ ದಬ್ಬಳ ಹಿಡಿಯಲೂ ಬರುತ್ತಿರಲಿಲ್ಲ. ಯಜಮಾನರು ಕೆಲಸದ ಹಲಗೆಯ ಆ ಬದಿ ಕೂತು ಬಲಗಾಲಿನ ಬೂಟು ಹೊಲಿಯುತ್ತಿದ್ದರು, ನಾನು ಈ ಬದಿ ಕೂತು ಅದನ್ನು ನೋಡಿಕೊಂಡು ಎಡಗಾಲಿನದು. ಅವರು ಒಂದು ಹೊಲಿಗೆ ಹಾಕಿದರೆ ನಾನು ಒಂದು. ಮೊದಲ ವರ್ಷ ಎಲ್ಲ ಗಿರಾಕಿಗಳ ಎಡಗಾಲೂ ಸೊಟ್ಟ. ಆಮೇಲೆ ಕೈ ಕೂಡಿಬಂತು. ಕಲಿತ ಮೇಲೆ ಪೂರ್ತಿ ಜೊತೆಯನ್ನು ಒಬ್ಬರೇ ಹೊಲಿಯಬಹುದಿತ್ತು, ಆದರೆ ನಾವು ಹಾಗೆ ಮಾಡಲೇ ಇಲ್ಲ. ಎಡ ನನ್ನದು, ಬಲ ಅವರದು. ಅವರ ಬೂಟಿಗೆ ನಾನು ಕೈ ಹಾಕುತ್ತಿರಲಿಲ್ಲ, ನನ್ನದಕ್ಕೆ ಅವರು ಹಾಕುತ್ತಿರಲಿಲ್ಲ. ಕೊನೆಗೆ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತಿದ್ದೆವು. ಅಷ್ಟೇ ತಪಾಸಣೆ.

ಅಳತೆಯೂ ಹಾಗೆಯೇ. ಗಿರಾಕಿ ಬಂದರೆ ಎಡಪಾದವನ್ನು ಕಾಗದದ ಮೇಲಿಡಿಸಿ ನಾನು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆಯುತ್ತಿದ್ದೆ, ಬಲಪಾದಕ್ಕೆ ಅವರು. ಗೋಡೆಯಲ್ಲಿ ಎರಡು ಮೊಳೆ. ಎಡಗಾಲುಗಳೆಲ್ಲ ನನ್ನ ಮೊಳೆಗೆ, ಬಲಗಾಲುಗಳೆಲ್ಲ ಅವರ ಮೊಳೆಗೆ. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಯಾರ ಪಾದ ಎಂದು ಗೆರೆ ನೋಡಿಯೇ ತಿಳಿಯಬೇಕು, ತಿಳಿಯುತ್ತಿತ್ತು ಕೂಡ. ಒಬ್ಬರ ಅಳತೆ ಬದಲಾದರೆ ಹಳೆಯ ಕಾಗದದ ಮೇಲಿನ ಮೂಲೆ ಮಡಿಸಿಬಿಡುವುದು ಅವರ ಪದ್ಧತಿ. ಮೂಲೆ ಮಡಿಸಿದ್ದು ಎಂದರೆ ಮುಟ್ಟಬೇಡ ಎಂದರ್ಥ. ಮಕ್ಕಳ ಪಾದದ ಕಾಗದಗಳನ್ನಂತೂ ಅವರು ಹರಿಯಲು ಬಿಡುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ನಾನು ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತೆ. ಕಲಿತ ಉತ್ಸಾಹದಲ್ಲಿ ಒಂದು ಮಧ್ಯಾಹ್ನ ಕೂತು, ಎರಡೂ ಮೊಳೆಯ ಅಷ್ಟೂ ಕಾಗದಗಳ ಮೇಲೆ ಹೆಸರು ಬರೆದೆ. ಆಮೇಲೆ ಬಂದವುಗಳ ಮೇಲೂ ಬರೆಯುತ್ತಾ ಹೋದೆ. ಯಾರದು ಎಂದು ಬರೆದೆ. ಯಾವಾಗಿನದು ಎಂದು ಬರೆಯಬೇಕೆಂದು ಹೊಳೆಯಲಿಲ್ಲ.

ಮಗಳಿಗೆ ಡಾಕ್ಟರು ಓಡಲು ಹೇಳಿದಾಗ ಅವರು ಆಗಲೇ ಹಾಸಿಗೆ ಹಿಡಿದಿದ್ದರು. ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಎರಡು ದಿಂಬಿಗೆ ಒರಗಿ ಕೂತೇ ಹೇಳಿದರು: "ಓಡು. ಬೂಟು ನಾವು ಮಾಡಿಕೊಡ್ತೀವಿ. ಅಪ್ಪ ಅಮ್ಮ ಇರುವಾಗ ನಮ್ಮ ಮಗಳು ಅಂಗಡಿ ಬೂಟು ಹಾಕ್ಕೊಂಡು ಓಡಿದ್ರೆ ಜನ ಏನಂತಾರೆ?" ಅಡಿಯ ರಬ್ಬರಿನ ಅಟ್ಟೆಯನ್ನು ಪೇಟೆಯಿಂದ ತಂದು, ಮೇಲಿನ ಚರ್ಮ ಮಾತ್ರ ನಾವು ಹೊಲಿದೆವು. ನಾನು ಹಲಗೆಯ ಒಂದು ತುಂಡನ್ನು ಮಂಚದ ಮೇಲೆ ತಂದಿಟ್ಟೆ. ಅವರು ಒಂಬತ್ತು ದಿನ ತೆಗೆದುಕೊಂಡರು. ಅದೇ ಅವರ ಕೊನೆಯ ಬೂಟು.

ಕೆರೆಯ ಆಚೆಯಿಂದ ಸದ್ದು ಮತ್ತೆ ಹತ್ತಿರ ಬಂತು. ಎಡ, ಮತ್ತೆ ಅರ್ಧ. ಎಡ, ಮತ್ತೆ ಅರ್ಧ. ಮಂಜಿನಿಂದ ಮಗಳು ಹೊರಬಂದಾಗ ಅವಳ ಮುಖ ಬಿಳುಚಿಕೊಂಡಿತ್ತು. ನಮ್ಮನ್ನು ಕಂಡದ್ದೇ ನಕ್ಕಳು.

"ಎಷ್ಟು ಓಡಿದೆ?"

"ಮುಕ್ಕಾಲು ಸುತ್ತು. ಆಮೇಲೆ ಉಸಿರು ಕಟ್ತು."

ಉಸಿರು ಕಟ್ಟಿದವರು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ. ಅವಳು ಕಂಬಕ್ಕೆ ಕೈ ಕೊಟ್ಟು, ಬಲಗಾಲನ್ನು ನೆಲದಿಂದ ಎತ್ತಿ ಹಿಡಿದು ನಿಂತಿದ್ದಳು.

ಆ ದಿನ ಎಲ್ಲರೂ ದೋಣಿಯಲ್ಲಿ ಹೋದೆವು. ಅಳಿಯ ಹುಟ್ಟು ಹಾಕಲು ಹೋಗಿ ದೋಣಿಯನ್ನು ಅಲ್ಲಲ್ಲೇ ಸುತ್ತಿಸಿದ. "ನಿಮ್ಮಪ್ಪನೂ ಗಿರಗಿಟ್ಲೆ ಕಣೇ," ಎಂದು ಮೊಮ್ಮಗಳಿಗೆ ಹೇಳಿದೆ. ಎಲ್ಲರೂ ನಕ್ಕರು. ನಕ್ಕಾದ ಮೇಲೆ, ಯಜಮಾನರಿದ್ದಿದ್ದರೆ ಏನು ಹೇಳುತ್ತಿದ್ದರೋ ಎಂದು ಎಲ್ಲರಿಗೂ ಒಟ್ಟಿಗೇ ಅನ್ನಿಸಿತು. ಮಗಳು ದೋಣಿಯಲ್ಲೂ ಬಲಗಾಲನ್ನು ಬೂಟಿನಿಂದ ಅರ್ಧ ಹೊರಗೆಳೆದುಕೊಂಡು ಕೂತಿದ್ದಳು.

ಎರಡನೆಯ ಬೆಳಗ್ಗೆ ಅವಳು ಅರ್ಧ ಸುತ್ತಿಗೇ ಹಿಂತಿರುಗಿದಳು. ಸ್ನಾನಕ್ಕೆ ಹೋಗುವಾಗ ಕಾಲುಚೀಲವನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದಳು. ಅವಳು ಹೊರಬಂದ ಮೇಲೆ ನಾನು ಒಳಗೆ ಹೋದೆ. ಬಕೀಟಿನ ನೀರು ತಿಳಿಗೆಂಪಾಗಿತ್ತು. ಕಾಲುಚೀಲದ ತುದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಂದು ಕಲೆ. ಒಂದು ದಿನದ ಕಲೆಯಲ್ಲ, ವಾರಗಳದ್ದು.

"ಕಾಲಿಗೆ ಏನಾಗಿದೆ?"

"ಏನಿಲ್ಲಮ್ಮ. ಕಲ್ಲು ತಾಗ್ತು."

"ಬೂಟು ಹಾಕ್ಕೊಂಡಿದ್ದೆಯಲ್ಲ?"

"ದೊಡ್ಡ ಕಲ್ಲು," ಎಂದು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಅವಳು ಸುಳ್ಳು ಹೇಳುವುದರಲ್ಲಿ ಅಪ್ಪನ ಹಾಗೆಯೇ. ಇಬ್ಬರಿಗೂ ಬರುವುದಿಲ್ಲ.

ಬಚ್ಚಲಿನಿಂದ ಕೋಣೆಯವರೆಗೆ ನೆಲದ ಮೇಲೆ ಅವಳ ಒದ್ದೆ ಪಾದಗಳ ಗುರುತು ಬಿದ್ದಿತ್ತು. ಒಣಗುವ ಮೊದಲು ನಾನು ಮಂಡಿಯೂರಿ ಕೂತು ಗೇಣು ಹಾಕಿದೆ. ಹಳೆಯ ಚಟ. ಎಡಪಾದ ಒಂದು ಗೇಣು, ಮೇಲೆ ಎರಡು ಬೆರಳು. ಬಲಪಾದವೂ ಅಷ್ಟೇ. ಹೊಸ್ತಿಲ ಬಳಿ ಬಿಟ್ಟಿದ್ದ ಬೂಟುಗಳ ಹತ್ತಿರ ಹೋದೆ. ಎಡಗಾಲಿನದರೊಳಗೆ ಕೈ ಹಾಕಿದೆ. ನನ್ನದೇ ಹೊಲಿಗೆ, ನನ್ನದೇ ಅಳತೆ, ಒಂದು ಗೇಣು ಎರಡು ಬೆರಳು, ಮೇಲೆ ಸ್ವಲ್ಪ ಸಡಿಲ. ಬಲಗಾಲಿನದನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಹಿಡಿದಿದ್ದೆ. ನಲವತ್ತಾರು ವರ್ಷದಲ್ಲಿ ಅವರ ಬಲಗಾಲಿನ ಬೂಟಿನೊಳಗೆ ನಾನು ಕೈ ಹಾಕಿದ್ದು ಅದೇ ಮೊದಲು.

ಗೇಣು ಮುಗಿಯಿತು. ಇನ್ನು ಎರಡು ಬೆರಳು ಜಾಗ ಇರಬೇಕಾದಲ್ಲಿ ಒಂದೇ ಬೆರಳು. ಅದರಾಚೆ ಗಟ್ಟಿ ಗೋಡೆ. ಹೊರಗಿನಿಂದ ನೋಡಿದರೆ ಎರಡೂ ಬೂಟು ಒಂದೇ ಉದ್ದ. ಒಳಗೆ, ಮುಂದಿನ ತುದಿಗೆ, ಚರ್ಮದ ಪದರ ಕೊಟ್ಟು ತುಂಬಿಸಿದ್ದಾರೆ.

ಅಟ್ಟೆಗಿಂತ ಅಳತೆ ಚಿಕ್ಕದಾದರೆ ಮಾತ್ರ ಹಾಗೆ ತುಂಬಿಸುತ್ತಾರೆ.

ನಾನು ಹೊಸ್ತಿಲಲ್ಲೇ ಕೂತುಬಿಟ್ಟೆ. ಆ ದಿನ ಕಣ್ಣ ಮುಂದೆ ಬಂತು. ಅವರಿಗೆ ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲವೆಂದು ಕೆಳಗಿನ ಕೆಲಸದ ಕೋಣೆಗೆ ಹೋಗಿ ಅವರ ಮೊಳೆಯಿಂದ ಕಾಗದ ತಂದುಕೊಟ್ಟವಳು ನಾನು. ನಾವು ಇವಳನ್ನು ಕರೆಯುವಂತೆ 'ದೊಡ್ಡವಳು' ಎಂದು ಬರೆದಿದ್ದ ಕಾಗದ ಕೈಗೆ ಸಿಕ್ಕಿತು, ಓದಿದೆ, ತಂದೆ. ಹೆರಿಗೆಯಾದ ಮೇಲೆ ಮಗಳ ಪಾದ ಬೆಳೆದಿತ್ತು, ಹೊಸದಾಗಿ ಗೆರೆ ಎಳೆದಿದ್ದೆವು. ಹಾಗಾಗಿ ಆ ಮೊಳೆಯಲ್ಲಿ 'ದೊಡ್ಡವಳು' ಎರಡಿದ್ದವು. ನನ್ನ ಮೊಳೆಯಿಂದ ಹೊಸದೇ ಕೈಗೆ ಬಂದಿತ್ತು, ಅವರದರಿಂದ ಹಳೆಯದು. ಅಕ್ಷರ ಬಾರದ ಕಾಲದಲ್ಲಿ ನಾನೂ ಮೊದಲು ಮೂಲೆ ನೋಡುತ್ತಿದ್ದೆ. ಓದಲು ಬಂದ ಮೇಲೆ ಮೂಲೆ ನೋಡುವುದನ್ನು ಬಿಟ್ಟಿದ್ದೆ.

ಅವರು ಕಾಗದದ ಮೂಲೆಯನ್ನು ಹೆಬ್ಬೆರಳಿನಲ್ಲಿ ತೀಡಿ ನೋಡಿದ್ದರು. ಎಷ್ಟೋ ಕಾಗದಗಳ ನಡುವೆ ಒತ್ತಿಹೋಗಿ ಮಡಿಕೆ ಚಪ್ಪಟೆಯಾಗಿತ್ತು, ಗೆರೆ ಮಾತ್ರ ಉಳಿದಿತ್ತು.

"ಇವಳೇ, ಇದು ಮಡಿಸಿದ ಹಾಗಿದೆಯಲ್ಲ?"

"ಹೆಸರು ಓದಿ ತಂದಿದ್ದೀನಿ ರೀ. ಅವಳದೇ."

ಮರುದಿನ ಅಟ್ಟೆಯನ್ನು ಕಾಗದದ ಮೇಲಿಟ್ಟು ಮತ್ತೆ ಕೇಳಿದರು. "ಅಟ್ಟೆ ದೊಡ್ಡದಾಯ್ತಲ್ಲೇ? ಒಂದು ಬೆರಳು ಹೆಚ್ಚಿಗೆ ಬರ್ತಿದೆ."

ನಾನು ನನ್ನ ಎಡಗಾಲಿನ ಕೆಲಸದಲ್ಲಿ ಮುಳುಗಿದ್ದೆ. ತಲೆ ಎತ್ತಲಿಲ್ಲ. "ನಂದಕ್ಕೆ ಸರಿಯಾಗಿ ಕೂತಿದೆ. ನಿಮ್ಮ ಕಣ್ಣಿಗೆ ಮಂಜು ಬಂದಿದೆ, ಈಗ ಕೈಗೂ ಬಂತು," ಎಂದು ನಕ್ಕೆ. ಜೀವಮಾನವಿಡೀ ಹಲಗೆಯ ಆಚೀಚೆ ಕೂತು ಹೀಗೆಯೇ ಕಾಲೆಳೆದುಕೊಂಡವರು ನಾವು. ಅವರೂ ಏನಾದರೂ ಅನ್ನುತ್ತಾರೆ ಎಂದು ಕಾದೆ. ಏನೂ ಅನ್ನಲಿಲ್ಲ. ಒಂಬತ್ತನೆಯ ದಿನ ಹೊಲಿಗೆ ಮುಗಿಸಿ, ಮೇಣದ ದಾರ ಕಡಿದು, ದಬ್ಬಳವನ್ನು ನನ್ನ ಕೈಗೆ ಕೊಟ್ಟರು. "ಇನ್ನು ಇದು ನಿನ್ನ ಹತ್ರ ಇರಲಿ. ನನ್ನ ಕಣ್ಣು ಹೋಯ್ತು," ಎಂದರು. ಕಾಯಿಲೆಯ ಮಾತು ಎಂದುಕೊಂಡು ಇಸಿದುಕೊಂಡೆ. ಅದಾದ ಮೇಲೆ ಆರು ವಾರ ಇದ್ದರು. ಒಂದು ದಿನವೂ ಅದನ್ನು ಕೇಳಲಿಲ್ಲ.

ಅವರ ಕಣ್ಣು ಹೋಗಿರಲಿಲ್ಲ.

ಆ ದಿನವೆಲ್ಲ ನಾನು ಯಾರಿಗೂ ಏನೂ ಹೇಳಲಿಲ್ಲ. ಅಳಿಯ ಮೀನು ಹಿಡಿಯುತ್ತೇನೆಂದು ಕೂತು ಒಂದು ಹಳೆಯ ಚೀಲ ಹಿಡಿದ. ಗಿರಗಿಟ್ಲೆ ಅದಕ್ಕೆ ಹೆಸರಿಟ್ಟು ಬಿಸಿಲಿಗೆ ಒಣಹಾಕಿದಳು. ನಾನು ಎಲ್ಲರ ಜೊತೆ ನಗುತ್ತಲೂ ಇದ್ದೆ.

ಮೂರನೆಯ ಬೆಳಗ್ಗೆ ಮಗಳು ಬಾಗಿಲು ತೆಗೆದು ಬಂದಾಗ ಬೂಟುಗಳು ನನ್ನ ಮಡಿಲಲ್ಲಿದ್ದವು. ಪಕ್ಕದಲ್ಲಿ ನನ್ನ ಕೈಚೀಲ; ದಬ್ಬಳ, ದಾರ, ಮೇಣದ ಉಂಡೆ ಇಲ್ಲದೆ ನಾನು ಎಲ್ಲಿಗೂ ಹೋಗುವುದಿಲ್ಲ. ಅದನ್ನು ಕಂಡದ್ದೇ ಅವಳಿಗೆ ಅರ್ಥವಾಯಿತು.

"ಬೇಡಮ್ಮ. ಮುಟ್ಬೇಡ."

"ಕಾಲು ತೋರಿಸು."

"ಏನೂ ಆಗಿಲ್ಲ ಅಂದ್ನಲ್ಲ."

"ನಿನ್ನನ್ನ ಹೆತ್ತವಳು ನಾನು. ತೋರಿಸು."

ಮೆಟ್ಟಿಲ ಮೇಲೆ ಕೂತು ಬಲಗಾಲಿನ ಚೀಲ ಕಳಚಿದಳು. ಹೆಬ್ಬೆರಳಿನ ಉಗುರು ಕಪ್ಪಾಗಿ ಅರ್ಧ ಎದ್ದಿತ್ತು. ಪಕ್ಕದ ಎರಡು ಬೆರಳುಗಳ ತುದಿ ಸುಲಿದುಹೋಗಿತ್ತು. ದಿನಕ್ಕೆ ಎಂಟು ಗಂಟೆ ಬ್ರೇಕು ಒತ್ತುವ ಕಾಲು ಅದು.

"ಆರು ವಾರದಿಂದ ಹೀಗೇನಾ?"

ತಲೆಯಾಡಿಸಿದಳು.

"ಬೇರೆ ಬೂಟು ಹಾಕ್ಕೋಬಾರದಿತ್ತಾ? ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ?" ಅವಳು ಕೆರೆಯ ಕಡೆ ನೋಡುತ್ತಾ ಹೇಳಿದಳು. "ಅಪ್ಪನ ಕೈ ಒಂದು ಸಲವೂ ತಪ್ಪಿಲ್ಲ ಅಂತ ಇಡೀ ಬೀದಿಗೆ ಗೊತ್ತು. ಕೊನೇದು ತಪ್ತು ಅಂತ ನಾನು ಹೇಳ್ಬೇಕಾ? ಅದೂ ನನಗೆ ಮಾಡಿದ್ದು? ಹಾಕ್ತಾ ಹಾಕ್ತಾ ಚರ್ಮ ಬಿಟ್ಕೊಳ್ಳುತ್ತೆ ಅಂದ್ಕೊಂಡೆ. ನೀನು ಇದನ್ನ ಬಿಚ್ಬೇಡಮ್ಮ. ಅವರು ಹಾಕಿದ ಹೊಲಿಗೆ ಇನ್ನೆಲ್ಲೂ ಉಳಿದಿಲ್ಲ. ಬೇಕಾದ್ರೆ ಓಡೋದೇ ಬಿಡ್ತೀನಿ, ಕಿಟಕಿ ಹಿಂದೆ ಕೂರ್ತೀನಿ."

ಅವಳು ಹೇಳಿದ್ದು ನಿಜ. ಅವರ ಕೈಯ ಬೂಟುಗಳೆಲ್ಲ ಯಾರು ಯಾರದೋ ಕಾಲಲ್ಲಿ ಸವೆದುಹೋದವು. ನಮ್ಮ ಮನೆಗೆ ಉಳಿದದ್ದು ಇದೊಂದೇ. ರಾತ್ರಿಯಿಡೀ ನಾನೂ ಅದನ್ನೇ ಯೋಚಿಸಿದ್ದೆ. ಏನೂ ಹೇಳದೆ ಪೇಟೆಯಿಂದ ಅವಳಿಗೊಂದು ಜೊತೆ ತಂದುಕೊಟ್ಟು ಇದನ್ನು ಕಪಾಟಿನಲ್ಲಿಟ್ಟುಬಿಡಬಹುದಿತ್ತು. ಆಗ ಅವಳು ಬದುಕಿರುವವರೆಗೂ ಅಪ್ಪನ ಕೊನೆಯ ಕೆಲಸ ಕೆಟ್ಟಿತ್ತು ಎಂದೇ ತಿಳಿದಿರುತ್ತಾಳೆ.

"ತಪ್ಪಿದ್ದು ಅವರ ಕೈಯಲ್ಲ," ಎಂದೆ. "ನಂದು."

ಹೇಳಿದೆ. ಮೊಳೆಯಲ್ಲಿದ್ದ ಎರಡು ಕಾಗದ, ಮಡಿಸಿದ ಮೂಲೆ, ಅವರು ಎರಡು ಸಲ ಕೇಳಿದ್ದು, ನಾನು ತಲೆ ಎತ್ತದೆ ನಕ್ಕದ್ದು, ಒಂಬತ್ತನೆಯ ದಿನ ದಬ್ಬಳ ಕೊಟ್ಟದ್ದು, ಒಂದೂ ಬಿಡದೆ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ನನ್ನಿಂದ ಒಂದು ಮೆಟ್ಟಿಲು ಕೆಳಗೆ ಸರಿದಳು.

"ಅಂದ್ರೆ ಅಪ್ಪ ಸರಿಯಾಗೇ ನೋಡಿದ್ರು."

"ಹೂಂ."

"ನೀನು ಕಣ್ಣು ಹೋಯ್ತು ಅಂದೆ."

"ತಮಾಷೆಗೆ ಅಂದೆ."

"ಅವರು ನಂಬಿದ್ರು ಅಮ್ಮ!" ಅವಳ ದನಿ ಏರಿತು. "ಕೊನೆ ತಿಂಗಳು ಗೋಡೆ ಕಡೆ ತಿರುಗಿ ಮಲಗಿರ್ತಿದ್ರಲ್ಲ. ಪೇಪರ್ ಚಿತ್ರ ತೋರಿಸಿದ್ರೂ ಬೇಡ ಕಾಣಲ್ಲ ಅಂತಿದ್ರು. ಕಾಣ್ತಿತ್ತು ಅವರಿಗೆ! ನೀನು ಹೇಳಿದ್ದಕ್ಕೆ ಕಾಣಲ್ಲ ಅಂದ್ಕೊಂಡ್ರು."

ಹಿಂದಿನ ರಾತ್ರಿಯೆಲ್ಲ ನನ್ನ ನಿದ್ದೆ ಕೆಡಿಸಿದ್ದು ಇದೇ ಮಾತು.

ಅವಳು ನನ್ನ ಮಡಿಲಿನಿಂದ ಬೂಟುಗಳನ್ನು ಕಿತ್ತುಕೊಂಡಳು. ಚೀಲ ಎಳೆದು, ಆ ಕಾಲನ್ನೇ ಆ ಬೂಟಿಗೇ ತುರುಕಿ, ಮೊಬೈಲನ್ನು ಅಲ್ಲೇ ಬಿಟ್ಟು ಓಡಿದಳು. ಮೆಟ್ಟಿಲ ಮೇಲೆ ಬಿದ್ದಿದ್ದ ಮೊಬೈಲಿನಿಂದ ಆ ಹೆಂಗಸು "ಈಗ ಐದು ನಿಮಿಷ ಚುರುಕಾಗಿ ನಡೆಯಿರಿ" ಎಂದಳು. ಮಗಳು ನಡೆಯಲಿಲ್ಲ. ನಾನು ಅವಳ ಸದ್ದನ್ನು ಕೇಳುತ್ತಾ ಕೂತೆ. ಸಿಟ್ಟಿನಲ್ಲಿ ಬಲಗಾಲನ್ನೂ ಪೂರ್ತಿ ಊರುತ್ತಿದ್ದಳು. ಕಾಲು ಸುತ್ತು. ಅರ್ಧ ಸುತ್ತು. ಆಮೇಲೆ ಸದ್ದು ನಿಂತುಹೋಯಿತು.

ಮೊಬೈಲಿನ ಹೆಂಗಸು ಓಡಿ ಎಂದಳು, ನಡೆಯಿರಿ ಎಂದಳು, ಮತ್ತೆ ಓಡಿ ಎಂದಳು. ಕೊನೆಗೆ, ತುಂಬಾ ಚೆನ್ನಾಗಿ ಮಾಡಿದಿರಿ ಎಂದು ಹೊಗಳಿ ಸುಮ್ಮನಾದಳು. ಅಳಿಯ ಎದ್ದುಬಂದು ನನ್ನ ಮುಖ ನೋಡಿ, ಒಳಗೆ ಹೋಗಿ ಒಂದು ಲೋಟ ಬಿಸಿನೀರು ತಂದಿಟ್ಟ. ಅವನು ಒಳ್ಳೆಯವನು.

ಬಿಸಿಲು ನೀರಿನ ಮೇಲೆ ಬಿದ್ದ ಮೇಲೆ ಅವಳು ಬಂದಳು. ಬರಿಗಾಲಿನಲ್ಲಿ, ಬೂಟುಗಳನ್ನು ಎದೆಗೆ ಒತ್ತಿಕೊಂಡು, ಕುಂಟುತ್ತಾ. ಅತ್ತು ಕಣ್ಣು ಊದಿಕೊಂಡಿತ್ತು. ನನ್ನ ಪಕ್ಕ ಕೂತಳು. ಕೆಳಗಿನ ಮೆಟ್ಟಿಲಲ್ಲಲ್ಲ, ಅದೇ ಮೆಟ್ಟಿಲಲ್ಲಿ.

"ಹೊಲಿಗೆ ಮುಗಿದ ದಿನ ನನ್ನ ಕರೆದಿದ್ರು," ಎಂದಳು. "ಹಾಕಿ ತೋರಿಸು ಅಂದ್ರು. ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ ಅಪ್ಪ, ಕಾಲು ಊದಿಕೊಂಡಿದೆ, ನಾಳೆ ಹಾಕ್ತೀನಿ ಅಂದೆ. ಮರುದಿನ ಮತ್ತೆ ಕೇಳಿದ್ರು. ಮತ್ತೆ ನಾಳೆ ಅಂದೆ. ಆಮೇಲೆ ಕೇಳೋದು ಬಿಟ್ರು."

ನಾನು ಅವಳ ಕೈ ಹಿಡಿದುಕೊಂಡೆ.

"ಒಂದೇ ಒಂದು ಸಲ ಹಾಕಿದ್ದಿದ್ರೆ ಅವರಿಗೆ ಗೊತ್ತಾಗ್ತಿತ್ತು ಅಮ್ಮ. ತಾನೇ ಸರಿ ಅಂತ ಗೊತ್ತಾಗ್ತಿತ್ತು."

"ಹೂಂ," ಎಂದೆ. ಇಲ್ಲ ಬಿಡು ಎನ್ನಬಹುದಿತ್ತು. ಆದರೆ ಆ ಬೆಳಗ್ಗೆ ಇನ್ನೊಂದು ಸುಳ್ಳಿಗೆ ಜಾಗವಿರಲಿಲ್ಲ.

ಅವಳು ಬಲಗಾಲಿನ ಬೂಟನ್ನು ನನ್ನ ಮಡಿಲಿಗಿಟ್ಟಳು.

"ಬಿಚ್ಚು."

ಅವರ ಹೊಲಿಗೆ ಬಿಚ್ಚುವುದು ಸುಲಭವಲ್ಲ. ಪ್ರತಿ ಎಳೆಯನ್ನೂ ಎರಡು ಸಲ ಜಗ್ಗಿ, ಸ್ವಲ್ಪ ಎಡಕ್ಕೆ ಓರೆಯಾಗಿ ಕೂರಿಸುತ್ತಿದ್ದರು. ಉಸಿರಾಡಲೂ ಕಷ್ಟಪಡುತ್ತಿದ್ದವರು ಹಾಕಿದ ಹೊಲಿಗೆಯಲ್ಲೂ ಅದೇ ಓರೆ, ಅದೇ ಬಿಗಿ. ಹಿಮ್ಮಡಿಯ ಕಡೆ ಮುಟ್ಟದೆ, ಮುಂದಿನ ಇಪ್ಪತ್ತಾರು ಹೊಲಿಗೆ ಮಾತ್ರ ಕತ್ತರಿಸಿದೆ. ಒಂದೊಂದು ಕಡಿದಾಗಲೂ ಮಗಳು ಕಣ್ಣು ಮಿಟುಕಿಸುತ್ತಿದ್ದಳು. ಚರ್ಮ ಬಾಯಿಬಿಟ್ಟಿತು. ಒಳಗಿದ್ದ ತುಂಡನ್ನು ದಬ್ಬಳದ ಮೊನೆಯಿಂದ ಎಬ್ಬಿಸಿ ತೆಗೆದೆ.

ಮೂರು ಪದರ. ಬೆರಳಿಗೆ ಒತ್ತದ ಹಾಗೆ ಅಂಚುಗಳನ್ನು ಕಾಗದದಷ್ಟು ತೆಳ್ಳಗೆ ಕೆತ್ತಿದ್ದರು. ಕಪ್ಪು ಬಣ್ಣದ ಕಲೆಯಿದ್ದ, ಮೇಣ ಕುಡಿದು ಹೊಳೆಯುವ ಚರ್ಮ. ನನಗೆ ತಕ್ಷಣ ಗೊತ್ತಾಯಿತು. ಕೆಲಸ ಮಾಡುವಾಗ ಅವರು ಮಂಡಿಯ ಮೇಲೆ ಹಾಸಿಕೊಳ್ಳುತ್ತಿದ್ದ ಚರ್ಮ ಅದು, ನನ್ನ ಮದುವೆಗೂ ಮೊದಲಿನದು. ಅದರ ಮೂಲೆ ಕತ್ತರಿಸಿದ್ದರು. ಒಂದು ತುಂಡು ಚರ್ಮ ಕೆಳಗಿನಿಂದ ತಂದುಕೊಡು ಎಂದು ನನ್ನನ್ನು ಕೇಳಬಹುದಿತ್ತು. ಕೇಳಿದ್ದರೆ ಯಾಕೆ ಎಂದು ನಾನು ಕೇಳುತ್ತಿದ್ದೆ. ಮತ್ತೆ ಅಟ್ಟೆಯ ಮಾತು ಬರುತ್ತಿತ್ತು. ಮತ್ತೆ ನಾನು ನಗುತ್ತಿದ್ದೆ.

ಚರ್ಮವನ್ನು ಒದ್ದೆ ಮಾಡಿ ಹಿಗ್ಗಿಸಿದೆ. "ಮನೇಲಾದ್ರೆ ಮರದ ಅಚ್ಚಿಗೆ ಹಾಕ್ತಿದ್ದೆ. ಇಲ್ಲಿ ನಿನ್ನ ಕಾಲೇ ಅಚ್ಚು," ಎಂದೆ. ಗಾಯಕ್ಕೆ ಬಟ್ಟೆ ಸುತ್ತಿಕೊಂಡು, ಒದ್ದೆ ಬೂಟಿನೊಳಗೆ ಕಾಲಿಟ್ಟು, ಮಧ್ಯಾಹ್ನದವರೆಗೂ ಅವಳು ಬಿಸಿಲಿನಲ್ಲಿ ಕೂತಳು. ಗಿರಗಿಟ್ಲೆ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದಳು. ಸಂಜೆ ನಾನು ಹೊಲಿದೆ. ಅವರ ತೂತುಗಳಲ್ಲೇ ದಾರ ತೂರಿಸಿದೆ. ಆದರೆ ಎಡಕ್ಕೆ ಓರೆ ಮಾಡಲು ಹೋದರೆ ಕೈ ಕೇಳಲಿಲ್ಲ. ನನ್ನ ಹೊಲಿಗೆ ನೆಟ್ಟಗೆ ಬರುತ್ತದೆ.

ನಾಲ್ಕನೆಯ ಬೆಳಗ್ಗೆ, ಹೊರಡುವ ದಿನ, ಅವಳು ಮೆಲ್ಲಗೆ ಓಡಿದಳು. ಬೆರಳಿನ ಗಾಯ ಇನ್ನೂ ಇತ್ತು. ಅರ್ಧ ದಾರಿ ಓಡಿ ಅರ್ಧ ನಡೆಯುತ್ತೇನೆ ಎಂದು ನನಗೆ ಮಾತು ಕೊಟ್ಟು ಹೋಗಿದ್ದಳು. ಮೊಬೈಲಿನ ಹೆಂಗಸು ಏನು ಹೇಳಿದಳೋ, ಇವಳು ಏನು ಕೇಳಿದಳೋ. ಮಂಜು ಎಂದಿಗಿಂತ ದಟ್ಟವಾಗಿತ್ತು. ಮೊಮ್ಮಗಳು ನಿದ್ದೆಗಣ್ಣಿನಲ್ಲೇ ಬಂದು ನನ್ನ ಶಾಲಿನೊಳಗೆ ಸೇರಿಕೊಂಡಳು.

"ಈಗ ಬಲಗಾಲಿಂದು ಯಾರು ಹೊಲಿದಿದ್ದು ಅಜ್ಜಿ?"

"ಹಿಮ್ಮಡಿ ಕಡೇದು ತಾತಂದು. ಮುಂದಿಂದು ನಂದು."

ಅವಳು ಸ್ವಲ್ಪ ಯೋಚಿಸಿದಳು. "ತಾತಂಗೆ ಕೋಪ ಬರಲ್ವಾ?"

"ಅವತ್ತೇ ಬಂದಿದ್ರೆ ಚೆನ್ನಾಗಿತ್ತು ಮಗಾ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನನಗೆ ಒರಗಿ ಮತ್ತೆ ನಿದ್ದೆಹೋದಳು. ಕೆರೆಯ ಆಚೆ ಬದಿಯಿಂದ ಸದ್ದು ಬರುತ್ತಿತ್ತು. ಎಡ, ಬಲ. ಎಡ, ಬಲ. ಎರಡೂ ಒಂದೇ ತೂಕದಲ್ಲಿ ಬೀಳುತ್ತಿದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ತಲೆದೂಗಬೇಕಾದವರು ಇರಲಿಲ್ಲ. ನಾನೊಬ್ಬಳೇ ಕೂತು ಕೇಳಿದೆ.